ಟ್ರೇಲರಿನಲ್ಲಿ ಬಂದ ಅವಿಶ್ವಾಸ

2007ರ ಬೇಸಿಗೆಯಲ್ಲಿ ನಾನು ಸಂಡೂರು ತಾಲ್ಲೂಕಿನ, ಯಶವಂತನಗರಕ್ಕೆ ಹತ್ತಿರದ ಒಂದು ಗ್ರಾಮ ಪಂಚಾಯಿತಿಯ ಕಾರ್ಯದರ್ಶಿಯಾಗಿದ್ದೆ, ಊರವರ ಬಾಯಲ್ಲಿ ‘ಅಕ್ಕಾರು’. ಸಂಡೂರಿನ ಬಾಡಿಗೆ ಮನೆಯಿಂದ ಬುತ್ತಿ, ಜೊತೆಗೆ ಎರಡು ಬಾಟಲಿ ನೀರು ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೆ. ಕಚೇರಿ ತಲುಪಿದ ಕೂಡಲೇ ಮೊದಲ ಕೆಲಸ ಮೇಜು ಒರೆಸುವುದು. ಅದಿರು ಲಾರಿಗಳ ಧೂಳು ಎಷ್ಟಿತ್ತೆಂದರೆ ಮಧ್ಯಾಹ್ನದ ಹೊತ್ತಿಗೆ ಅದೇ ಮೇಜಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾಗಿತ್ತು.

ಅಧ್ಯಕ್ಷೆ ಹುಲಿಗೆಮ್ಮ. ಮೀಸಲಾತಿಯಲ್ಲಿ ಬಂದವರು, ಅದಕ್ಕೇ ಹೇಳಿದಂತೆ ಕೇಳಿಕೊಂಡು ಇರುತ್ತಾರೆಂದು ಉಪಾಧ್ಯಕ್ಷ ಕೊಟ್ರೇಶಪ್ಪ ಎಣಿಸಿದ್ದರು. ಎರಡು ವರ್ಷ ಹಾಗೇ ನಡೆಯಿತು. ತಕರಾರು ಶುರುವಾದದ್ದು ನೀರಿನಿಂದ. ಲಾರಿ ಓಡಾಡುವ ರಸ್ತೆಗೆ ನೀರು ಚಿಮುಕಿಸುವ ಗುತ್ತಿಗೆ ಕೊಟ್ರೇಶಪ್ಪನವರದು. ಅವರ ಟ್ಯಾಂಕರ್‌ಗಳು ತುಂಬಿಕೊಳ್ಳುತ್ತಿದ್ದದ್ದು ಪಂಚಾಯಿತಿಯ ಬೋರ್‌ವೆಲ್‌ನಿಂದ. ಊರಿನ ನಲ್ಲಿ ಸೊರಗತೊಡಗಿದಾಗ ಹುಲಿಗೆಮ್ಮ ಟ್ಯಾಂಕರ್ ತುಂಬುವ ಪೈಪಿಗೆ ಬೀಗ ಹಾಕಿಸಿದರು.

ನಮ್ಮಲ್ಲಿ ಹದಿಮೂರು ಸದಸ್ಯರು. ಕೊಟ್ರೇಶಪ್ಪನೂ ಸೇರಿ ಒಂಬತ್ತು ಜನ ಅವರ ಕಡೆ. ಒಬ್ಬರ ಲಾರಿ, ಇನ್ನೊಬ್ಬರ ಗ್ಯಾರೇಜು, ಮತ್ತೊಬ್ಬರ ಹೋಟೆಲ್ಲು, ಎಲ್ಲರ ಅನ್ನವೂ ಆ ರಸ್ತೆಯ ಮೇಲೆಯೇ. ಅವರು ಸಭೆಗೆ ಬರುವುದನ್ನೇ ಬಿಟ್ಟರು. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಇಲ್ಲದೆ ಸಭೆಗಳು ಬಿದ್ದುಹೋದವು. ಅಷ್ಟರಲ್ಲಿ ಬೋರ್‌ವೆಲ್ ಮೋಟಾರು ಸುಟ್ಟಿತು. ಹೊಸದು ತರಲು ಸಭೆಯ ಒಪ್ಪಿಗೆ ಬೇಕು. ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಅಧ್ಯಕ್ಷೆಯದು, ಹಾಕಿಸುವ ಅಧಿಕಾರ ಒಂಬತ್ತು ಜನರದು.

“ಹುಲಿಗೆಮ್ಮಗ ರಾಜೀನಾಮಿ ಕೊಡಾಕ ಹೇಳ್ರಿ ಅಕ್ಕಾರ. ಅವತ್ತ ಸಂಜಿಗೆ ಮೋಟಾರು ಇಳಸ್ತೀನಿ,” ಎಂದರು ಕೊಟ್ರೇಶಪ್ಪ, ನನ್ನ ಕಚೇರಿಯಲ್ಲೇ ಕುಳಿತು, ನಾನು ಕೊಟ್ಟ ಚಹಾ ಕುಡಿಯುತ್ತ.

ಹುಲಿಗೆಮ್ಮ ಕೊಡಲಿಲ್ಲ. ತಮ್ಮ ಹೊಲದ ಬಾವಿಯಿಂದ ಟ್ರ್ಯಾಕ್ಟರಿನಲ್ಲಿ ಊರಿಗೆ ನೀರು ತರಿಸತೊಡಗಿದರು. ಆ ಬಾವಿಯ ತಳವೂ ಕಾಣುತ್ತಿತ್ತು. ಒಂಬತ್ತು ಜನ ಅವಿಶ್ವಾಸದ ನೋಟಿಸು ಕೊಟ್ಟರು. ಒಬ್ಬರೂ ಜಾರದಿರಲಿ ಎಂದು ಕೊಟ್ರೇಶಪ್ಪ ಎಲ್ಲರನ್ನೂ ಹೊಸಪೇಟೆಯ ಒಂದು ಲಾಡ್ಜಿನಲ್ಲಿ ಇರಿಸಿದರು. ಹಗಲು ಹಂಪಿ ತೋರಿಸಿದರಂತೆ. ಗೆಲ್ಲಲು ಸದಸ್ಯರಲ್ಲಿ ಮೂರನೇ ಎರಡರಷ್ಟು ಮತ ಬೇಕು, ಅಂದರೆ ಒಂಬತ್ತು. ಒಂಬತ್ತರಲ್ಲಿ ಒಂದು ಕೈ ಕಡಿಮೆಯಾದರೂ ನಿರ್ಣಯ ಬೀಳುತ್ತಿತ್ತು.

ಸಭೆ ಬೆಳಗ್ಗೆ ಹನ್ನೊಂದಕ್ಕೆ. ನಡೆಸಬೇಕಾದವರು ಉಪವಿಭಾಗಾಧಿಕಾರಿ, ಜನರ ಬಾಯಲ್ಲಿ ಎ.ಸಿ. ಸಾಹೇಬರು. ಅವರು ಕೂಡ್ಲಿಗಿ ಕಡೆಯಿಂದ ಬಂದು ಹೊತ್ತಿಗೆ ಸರಿಯಾಗಿ ಕುಳಿತರು. ಹುಲಿಗೆಮ್ಮ ಮತ್ತು ಅವರ ಕಡೆಯ ಮೂವರು ಕುಳಿತರು. ಉಳಿದ ಒಂಬತ್ತು ಕುರ್ಚಿ ಖಾಲಿ.

ಆಗ ನನ್ನ ಮೊಬೈಲು ಹೊಡೆದುಕೊಂಡಿತು. ಕೊಟ್ರೇಶಪ್ಪ. ಸಂಡೂರು ರಸ್ತೆಯಲ್ಲಿ ಅದಿರು ಲಾರಿಯೊಂದರ ಆಕ್ಸೆಲ್ ಮುರಿದು, ಎರಡೂ ಕಡೆ ಲಾರಿಗಳು ನುಗ್ಗಿ, ಜೀಪು ನಡುವೆ ಸಿಕ್ಕಿಬಿದ್ದಿದೆ. ನಡೆದು ಬಂದರೆ ಮುಕ್ಕಾಲು ತಾಸು ಬೇಕು. “ಸಾಹೇಬ್ರಿಗೆ ಸ್ವಲ್ಪ ಹೇಳ್ರಿ ಅಕ್ಕಾರ, ಕೈ ಮುಗೀತೀನಿ!”

“ರೂಲ್ಸ್ ಪ್ರಕಾರ ಅರ್ಧ ಗಂಟೆ ಕಾಯ್ತೀನಿ. ಆಮೇಲೆ ನೋಟಿಸು ರದ್ದು,” ಎಂದರು ಎ.ಸಿ.

ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಸುಮ್ಮನೆ ಕುಳಿತರೆ ಸಾಕು, ಹುಲಿಗೆಮ್ಮ ಗೆದ್ದಂತೆ. ಅವರು ಮಾತ್ರ ಕಿಟಕಿಯಾಚೆ ನೋಡುತ್ತಿದ್ದರು. ಟ್ರ್ಯಾಕ್ಟರಿನ ನೀರು ಖಾಲಿಯಾಗಿ, ಇನ್ನೂ ಕೊಡ ತುಂಬದ ಹೆಂಗಸರು ಅಲ್ಲೇ ನಿಂತಿದ್ದರು. ಹುಲಿಗೆಮ್ಮ ತಟ್ಟನೆ ನನ್ನತ್ತ ಕೈ ಚಾಚಿದರು. “ಫೋನು ಇಲ್ಲಿ ಕೊಡ್ರಿ ಅಕ್ಕಾರ.”

“ಕೊಟ್ರೇಶಣ್ಣ, ಗುಡ್ಡದ ಬಂಡಿ ಜಾಡಿಗೆ ಟ್ರ್ಯಾಕ್ಟರ್ ಕಳಸ್ತೀನಿ, ಹತ್ರಿ. ಬಂದು ಕೈ ಎತ್ರಿ. ಆದ್ರ ನಾಳಿ ತಿಂಗಳ ಸಭೆ ಐತಿ. ಮೋಟಾರಿಗೆ ಒಂಬತ್ತೂ ಮಂದಿ ಬಂದು ಒಪ್ಪಿಗಿ ಕೊಡಬೇಕು.”

ಲಾರಿಗಳ ಹಾರ್ನ್ ನಡುವೆ ಕೊಟ್ರೇಶಪ್ಪ ಕೂಗಿದ್ದು ನನಗೂ ಕೇಳಿಸಿತು. “ಚಾಷ್ಟಿ ಮಾಡ್ತಿ ಏನವ್ವ?”

“ಚಾಷ್ಟಿ ಮಾಡಾಕ ಬಾಯಾಗ ನೀರಿಲ್ಲ. ಹೂಂ ಅಂತೀರೋ, ಫೋನ್ ಇಡ್ಲೋ?”

“ಹೂಂ.”

ಹುಲಿಗೆಮ್ಮನ ಗಂಡ ಹನುಮಂತಪ್ಪ ಹೊರಗೆ ಟ್ರ್ಯಾಕ್ಟರಿಗೆ ಒರಗಿ ಬೀಡಿ ಸೇದುತ್ತಿದ್ದರು. ವಿಷಯ ಕೇಳಿ ಬೀಡಿ ಎಸೆದರು. “ನಿನ್ನ ಕುರ್ಚಿ ಕಸಿಯೋರ್ನ ನಾನ ಹೊತ್ಕಂಡು ಬರ್ಬೇಕಾ?”

“ಹೊತ್ಕಂಡು ಬ್ಯಾಡ, ಟ್ರೇಲರಿನ್ಯಾಗ ಹಾಕ್ಕಂಡು ಬಾ. ಟ್ಯಾಂಕಿ ಬಿಚ್ಚಿ ಟ್ರೇಲರ್ ಹಚ್ಚು, ಜಲ್ದಿ!”

ನಾನು ಪಕ್ಕಕ್ಕೆ ಕರೆದೆ. “ಹುಲಿಗೆಮ್ಮಾರ, ಇಪ್ಪತ್ತು ನಿಮಿಷ ಸುಮ್ಮನಿದ್ರೆ ನೋಟಿಸೇ ಬೀಳ್ತದೆ.”

“ಬಿದ್ರ ನಾಳಿ ಬರ್ತಾರೇನ್ರಿ ಅವ್ರು? ನಾನು ಕುರ್ಚಿ ಮ್ಯಾಲೆ, ಸುಟ್ಟ ಮೋಟಾರು ಬೋರಿನ್ಯಾಗ. ಹಂಗ ಎಷ್ಟು ದಿನ ಕುಂದ್ರಲಿ?”

ನಾನು ಒಳಗೆ ಬಂದು ಕುಳಿತೆ. ಎ.ಸಿ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಗುಡ್ಡದ ಕಡೆ ಕೆಂಪು ಧೂಳೆದ್ದಾಗ ಅರ್ಧ ಗಂಟೆಗೆ ಇನ್ನು ಸ್ವಲ್ಪವೇ ಬಾಕಿ. ಒಂಬತ್ತು ಜನ ಟ್ರೇಲರಿನಿಂದ ಧುಮುಕಿ ಓಡುತ್ತ ಒಳಬಂದರು. ಮುಖ, ಮೀಸೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಲ್ಲ ಕೆಮ್ಮಣ್ಣು. ಅಂಗಳದ ನಲ್ಲಿ ತಿರುಗಿಸಿದ ಒಬ್ಬರು ಅದನ್ನು ಹಾಗೇ ಬಿಟ್ಟು ಬಂದರು. ನನ್ನ ಬುತ್ತಿಯ ಜೊತೆಗಿದ್ದ ಎರಡು ಬಾಟಲಿ ನೀರನ್ನೇ ಒಂಬತ್ತು ಜನರಿಗೆ ಹಂಚಿದೆ. ಅದು ಗಂಟಲಿಗೆ ಸಾಲಿತು, ಕೈ ತೊಳೆಯುವುದಕ್ಕಲ್ಲ.

ಪರವಾಗಿರುವವರು ಕೈ ಎತ್ತಿ ಎಂದರು ಎ.ಸಿ. ಒಂಬತ್ತು ಕೆಂಪು ಕೈ ಮೇಲೆದ್ದವು. ಹುಲಿಗೆಮ್ಮ ಎದ್ದು, ಸೆರಗಿನಿಂದ ಕುರ್ಚಿಯ ಧೂಳು ಒರೆಸಿ ಹೊರನಡೆದರು.

ಮರುದಿನದ ಸಭೆಯೇ ನಿಜವಾದ ಪರೀಕ್ಷೆ. ಕೊಟ್ಟ ಮಾತಿಗೆ ಸಾಕ್ಷಿ ನನ್ನ ಮೊಬೈಲು ಮಾತ್ರ. ಸಭೆಯ ಹೊತ್ತಾದರೂ ಯಾರ ಸುಳಿವಿಲ್ಲ. ಹುಲಿಗೆಮ್ಮ ಸದಸ್ಯರ ಬೆಂಚಿನ ತುದಿಯಲ್ಲಿ ಕುಳಿತು ಬಾಗಿಲನ್ನೇ ನೋಡುತ್ತಿದ್ದರು. ನಾನು ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ಕೊನೆಗೆ ಜೀಪಿನ ಸದ್ದು. ಒಬ್ಬೊಬ್ಬರಾಗಿ ಒಂಬತ್ತೂ ಜನ ಬಂದರು. ಅಧ್ಯಕ್ಷಗಿರಿ ಖಾಲಿಯಾದ್ದರಿಂದ ಸಭೆ ನಡೆಸಬೇಕಾದವರು ಕೊಟ್ರೇಶಪ್ಪನೇ. ಅವರು ಆ ಕುರ್ಚಿಯಲ್ಲಿ ಕುಳಿತರು, ಬೆಂಚಿನ ಕಡೆ ನೋಡಲಿಲ್ಲ.

“ಮೊದ್ಲು ಮೋಟಾರು ಬರಕೊಳ್ರಿ ಅಕ್ಕಾರ. ಉಳದದ್ದು ಆಮ್ಯಾಲೆ.”

ಹದಿಮೂರು ಕೈ ಎದ್ದವು. ಹುಲಿಗೆಮ್ಮನದು ಎಲ್ಲರಿಗಿಂತ ಮೊದಲು.

ಮೋಟಾರು ಬಂತು. ನಲ್ಲಿಯಲ್ಲಿ ಮೊದಲು ಕೆಂಪು ನೀರು, ಆಮೇಲೆ ತಿಳಿ ನೀರು. ಟ್ಯಾಂಕರ್‌ಗಳು ಪೂರ್ತಿ ನಿಂತವೆಂದು ಹೇಳಲಾರೆ. ಕೊಟ್ರೇಶಪ್ಪ ಪೈಪಿನ ಬೀಗ ತೆಗೆಸಿದರು. ಆದರೆ ಊರಿನ ಕೊಡ ತುಂಬುವವರೆಗೆ ಕಾಯುವುದನ್ನು ಟ್ಯಾಂಕರ್‌ಗಳು ಕಲಿತವು, ಏಕೆಂದರೆ ಬೆಳಗಿನ ಹೊತ್ತು ಪೈಪಿನ ಹತ್ತಿರ ಹುಲಿಗೆಮ್ಮ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು.

ಆಮೇಲೆ ಕಂಪ್ಲಿ ಕಡೆಗೆ ವರ್ಗವಾದೆ, ಬೇರೆ ಬೇರೆ ಅಧ್ಯಕ್ಷರ ಜೊತೆ ಕೆಲಸ ಮಾಡಿದೆ. ಸಭೆಯ ನೋಟಿಸನ್ನು ಅಧ್ಯಕ್ಷರ ಬೆಂಬಲಿಗರಿಗೆ ಮೊದಲು ಮುಟ್ಟಿಸುವುದು ಎಲ್ಲ ಕಡೆಯ ವಾಡಿಕೆ. ನಾನು ಮಾತ್ರ ಅಂದಿನಿಂದ ವಿರೋಧ ಬಣದವರ ಮನೆಗೆ ಮೊದಲು ಕಳಿಸುತ್ತಿದ್ದೆ, ಬರಲು ಗಾಡಿ ಇದೆಯೇ ಎಂದೂ ಕೇಳಿಸುತ್ತಿದ್ದೆ. ಅವರು ಬಂದು ಕೂರದಿದ್ದರೆ ಊರಿನ ಕೆಲಸ ಒಂದೂ ಏಳುವುದಿಲ್ಲ.