ತವರಿಗೆ ತಿಳಿಸಿದ್ದೀರಾ?

ಇವತ್ತು ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದರೆ ತೆಂಗಿನಕಾಯಿಯ ವಾಸನೆ. ಆಗಷ್ಟೇ ಸುಲಿದ ಕಾಯಿಯ, ಸ್ವಲ್ಪ ಮಣ್ಣು ಸ್ವಲ್ಪ ಹಸಿ ನಾರು ಬೆರೆತ ವಾಸನೆ. ಆಸ್ಪತ್ರೆಯ ಎರಡನೇ ಮಹಡಿ ಎಂದರೆ ಫಿನಾಯಿಲು, ಸ್ಪಿರಿಟ್ಟುಗಳ ಯಜಮಾನಿಕೆ. ಅಲ್ಲಿ ಇದು ಎಲ್ಲಿಂದ ಬಂತು ಎಂದು ನೋಡಿದರೆ ನನ್ನ ಮೇಜಿನ ಪಕ್ಕ ಒಂದು ಮೂಟೆ. ಮೇಲೆ ನೀಲಿ ಇಂಕಿನಲ್ಲಿ "ಕಣ್ಣಿನ ಆಫೀಸು, ಹಾಸನ" ಎಂದಷ್ಟೇ ವಿಳಾಸ. ನುಗ್ಗೇಹಳ್ಳಿಯ ತಿಮ್ಮೇಗೌಡರು ವರ್ಷಕ್ಕೊಂದು ಸಲ ಬಸ್ಸಿಗೆ ಹಾಕಿ ಕಳಿಸುವ ಮೂಟೆ ಅದು. ದಾನ ಕೊಟ್ಟ ಮನೆಯವರಿಂದ ಏನನ್ನೂ ತೆಗೆದುಕೊಳ್ಳಬಾರದು ಎಂಬ ನಿಯಮ ನಮ್ಮ ಗೋಡೆಯ ಮೇಲಿದೆ, ಅಂಟಿಸಿದವಳು ನಾನೇ. ಮೊದಲ ವರ್ಷ ನಿಯಮದ ಪ್ರಕಾರ ಮೂಟೆಯನ್ನು ವಾಪಸು ಕಳಿಸಿದೆ. ಎರಡು ದಿನಕ್ಕೆ ಅದೇ ಮೂಟೆ ಇನ್ನಷ್ಟು ಕಾಯಿ ತುಂಬಿಕೊಂಡು ಹಿಂದಿರುಗಿತು. ಅಂದಿನಿಂದ ಕಾಯಿಗಳು ರೋಗಿಗಳ ಅಡುಗೆಮನೆಗೆ ಹೋಗುತ್ತವೆ, ವಾಸನೆಯನ್ನು ಮಾತ್ರ ನಾವು ಇಟ್ಟುಕೊಳ್ಳುತ್ತೇವೆ.

ನನ್ನ ಕೆಲಸ ಏನೆಂದು ನೀವು ಕೇಳಬಹುದು. ಮದುವೆ ಮನೆಗಳಲ್ಲೂ ಕೇಳುತ್ತಾರೆ, ನಾನು ಉತ್ತರ ಹೇಳಿದ ಮೇಲೆ ಸ್ವಲ್ಪ ಸರಿದು ಕೂರುತ್ತಾರೆ. ಮನುಷ್ಯ ತೀರಿಕೊಂಡಾಗ ಕಣ್ಣು, ಚರ್ಮ, ಕೆಲವು ಸಂದರ್ಭಗಳಲ್ಲಿ ಮೂತ್ರಪಿಂಡ, ಯಕೃತ್ತು ಇವುಗಳನ್ನು ಇನ್ನೊಬ್ಬರಿಗೆ ಕೊಡುವಿರಾ ಎಂದು ಮನೆಯವರನ್ನು ಕೇಳಬೇಕು. ಕೊಟ್ಟರೂ ಕೊಡದಿದ್ದರೂ ಅವರ ಜೊತೆ ನಿಲ್ಲಬೇಕು. ಹಾಗೆ ನಿಲ್ಲುವವರು ನಮ್ಮ ಆಪ್ತಸಮಾಲೋಚಕರು. ಅವರು ಸರಿಯಾಗಿ ನಿಂತರೇ ಎಂದು ನೋಡುವವಳು ನಾನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಂದ ಫೋನ್ ಬಂದರೂ ನಾವು ಹೊರಡುತ್ತೇವೆ. ನಮ್ಮಲ್ಲಿ ಹೆಚ್ಚಾಗಿ ಬರುವುದು ಕಣ್ಣು. ಅದಕ್ಕೆ ಆರು ಗಂಟೆಯ ಗಡುವು. ಉಸಿರು ನಿಂತ ಆರು ಗಂಟೆಯೊಳಗೆ ತೆಗೆದುಕೊಂಡರೆ ಉಪಯೋಗಕ್ಕೆ ಬರುತ್ತದೆ.

ದುಃಖದ ಕೆಲಸ ಎಂದು ಜನ ಮರುಗುತ್ತಾರೆ. ದುಃಖ ಇದೆ, ಆದರೆ ನಗು ಇಷ್ಟೊಂದು ಇರುತ್ತದೆಂದು ನನಗೂ ಮೊದಲು ಗೊತ್ತಿರಲಿಲ್ಲ. ಕಣ್ಣು ತೆಗೆಯುವ ತಂತ್ರಜ್ಞ ನಂದೀಶ ಒಮ್ಮೆ ಜೀಪು ಕೆಟ್ಟು ಗೊರೂರಿನಿಂದ ಬಸ್ಸಿನಲ್ಲಿ ಬರಬೇಕಾಯಿತು, ತೊಡೆಯ ಮೇಲೆ ಐಸ್ ಡಬ್ಬಿ. ಪಕ್ಕದವನು ಯಾವ ಮೀನು ಎಂದು ಕೇಳಿದನಂತೆ. ಅಣೆಕಟ್ಟಿನ ಮೀನಿಗೆ ಹೆಸರಾದ ಗೊರೂರಿನ ಬಸ್ಸಿನಲ್ಲಿ ಐಸ್ ಡಬ್ಬಿ ಕಂಡರೆ ಬೇರೇನು ಕೇಳುತ್ತಾರೆ? ಸುಳ್ಳು ಹೇಳಲು ಬಾರದ ನಂದೀಶ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೂರು ಜನರ ಸೀಟು ಹಾಸನದವರೆಗೆ ಅವನೊಬ್ಬನದೇ ಆಯಿತು.

ನಾನು ಈ ಹುದ್ದೆಗೆ ಬಂದಾಗ ಬೆಂಗಳೂರಿನಲ್ಲಿ ತರಬೇತಿ ಕೊಟ್ಟಿದ್ದರು. ಅಲ್ಲಿಂದ ಎರಡು ವಸ್ತು ತಂದೆ. ಒಂದು, ಇಪ್ಪತ್ತು ಪ್ರಶ್ನೆಗಳ ಪಟ್ಟಿ. ಸಮಾಲೋಚಕರು ತಮ್ಮ ಹೆಸರು ಹೇಳಿದರೇ, ಎದುರು ಕುಳಿತರೇ, ವಿಷಯಕ್ಕೆ ಬೇಗ ಬಂದರೇ, ಕಾರ್ಡಿದೆಯೇ, ಮನೆಯವರಿಗೆ ಗೊತ್ತೇ ಎಂದು ಕೇಳಿದರೇ, ಕಾನೂನು ಪ್ರಕಾರ ಸಹಿ ಹಾಕಬೇಕಾದವರು ಯಾರೆಂದು ಗುರುತಿಸಿದರೇ, ಹೀಗೆ. ಇನ್ನೊಂದು, ಒಂದು ಧ್ವನಿ. ತಗ್ಗಿದ, ನಿಧಾನವಾದ, ಎಣ್ಣೆ ಹಚ್ಚಿದ ಧ್ವನಿ. ಅಭ್ಯಾಸಬಲದಿಂದ ಮನೆಯಲ್ಲೂ ಅದನ್ನು ತೆಗೆದರೆ ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಿ "ಯಾರು ಹೋದ್ರು?" ಎಂದು ಕೇಳುತ್ತಿದ್ದರು.

ಆಗ ನಮ್ಮಲ್ಲಿ ಹೊಸದಾಗಿ ಸೇರಿದ್ದವಳು ರತ್ನಮ್ಮ. ಹಳೇಕೋಟೆ ಕಡೆಯವಳು, ಮೊದಲು ಅಂಗನವಾಡಿಯಲ್ಲಿದ್ದವಳು. ಆರು ತಿಂಗಳ ಪರೀಕ್ಷೆಯ ಅವಧಿ ಮುಗಿದು, ಅವಳನ್ನು ಖಾಯಂ ಮಾಡಬೇಕೇ ಬೇಡವೇ ಎಂದು ನಾನು ವರದಿ ಬರೆಯಬೇಕಿತ್ತು. ನನ್ನ ಪಟ್ಟಿ ಹಿಡಿದು ನೋಡಿದರೆ ರತ್ನಮ್ಮ ಪಾಸಾಗುವ ಲಕ್ಷಣವೇ ಇರಲಿಲ್ಲ. ಸಾವಿನ ಮನೆಗೆ ಹೋದರೆ ಮೊದಲು ಹಸುವಿನ ಹಾಲು ಕರೆದಿರಾ ಎಂದು ಕೇಳುವಳು. ಬಾಣಂತಿ ಇದ್ದರೆ ಅವಳಿಗೆ ಗಂಜಿ ಕೊಟ್ಟಿರಾ ಎಂದು ವಿಚಾರಿಸುವಳು. ಇನ್ನೂ ಯಾರು ಯಾರು ಬರಬೇಕು, ಎಲ್ಲಿಯವರೆಗೆ ಬಂದಿದ್ದಾರೆ ಎಂದು ಕೇಳಿ, ನಂಬರು ಇಸಿದುಕೊಂಡು ತಾನೇ ಅವರಿಗೆ ಫೋನ್ ಮಾಡುವಳು. ಕಣ್ಣಿನ ಮಾತು ಬರುವ ಹೊತ್ತಿಗೆ ನಾನು ಗಡಿಯಾರ ನೋಡಿ ನೋಡಿ ಸುಸ್ತಾಗಿರುತ್ತಿದ್ದೆ. "ವಿಷಯಾಂತರ ಹೆಚ್ಚು, ಅನಗತ್ಯ ಫೋನ್ ಕರೆಗಳು" ಎಂದು ಬರೆದುಕೊಂಡೆ. ಕರೆದು ಹೇಳಿಯೂ ಹೇಳಿದೆ: ಮಗ ಸಹಿ ಹಾಕಿದರೆ ಸಾಕು, ಊರಿನ ನೆಂಟರನ್ನೆಲ್ಲ ನಾವು ಕೂಡಿಸಬೇಕಾಗಿಲ್ಲ. ರತ್ನಮ್ಮ ವಾದ ಮಾಡಲಿಲ್ಲ.

"ಆಯ್ತು ಮೇಡಮ್ಮೋರೆ, ನೀವೆಂಗೇಳ್ತೀರೋ ಅಂಗೇ" ಎಂದಳು. ಹೇಗೆ ಮಾಡಬೇಕೆಂದು ಮುಂದಿನ ಸಲ ನಾನೇ ತೋರಿಸಿಕೊಡುತ್ತೇನೆ ಎಂದೆ. ಅಷ್ಟು ಹೇಳದೆ ಇದ್ದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಮುಂದಿನ ಸಲ ಬೇಗನೆ ಬಂತು. ಹಳೇಕೋಟೆಯ ಹತ್ತಿರದ ಹಳ್ಳಿಯೊಂದರಲ್ಲಿ ದೇವೀರಮ್ಮ ಎಂಬ ವೃದ್ಧೆ ಬೆಳಿಗ್ಗೆ ಏಳಕ್ಕೆ ತೀರಿಕೊಂಡಿದ್ದರು. ಪೊರೆಯ ಆಪರೇಷನ್ ಆಗಿ ಮೊಮ್ಮಗಳ ಮುಖ ಸ್ಪಷ್ಟವಾಗಿ ಕಂಡ ಸಂತೋಷದಲ್ಲಿ ಹೊಳೆನರಸೀಪುರದ ಶಿಬಿರದಲ್ಲಿ ತಾವೇ ಹೆಬ್ಬೆಟ್ಟು ಒತ್ತಿ ನೇತ್ರದಾನದ ಕಾರ್ಡು ಮಾಡಿಸಿಕೊಂಡಿದ್ದರಂತೆ. ಮಗ ಮಂಜೇಗೌಡನೇ ಫೋನ್ ಮಾಡಿದ್ದ. ಇದಕ್ಕಿಂತ ಸುಲಭದ ಮನೆ ಸಿಗುತ್ತದೆಯೇ? ರತ್ನಮ್ಮ, ನಂದೀಶ, ನಾನು ಜೀಪಿನಲ್ಲಿ ಹೊರಟು ಹತ್ತೂವರೆಗೆ ತಲುಪಿದೆವು. ದಾರಿಯಲ್ಲಿ ರತ್ನಮ್ಮ ಒಂದೇ ಮಾತು ಕೇಳಿದಳು, ಆಯಮ್ಮನ ತವರು ಎಲ್ಲಿ ಅಂತ. ಗೊತ್ತಿಲ್ಲ, ಬೇಕಾಗಿಯೂ ಇಲ್ಲ ಎಂದೆ.

ನಾನು ಮಂಜೇಗೌಡನ ಎದುರು ಕುಳಿತು ಧ್ವನಿ ತೆಗೆದೆ. ಇಪ್ಪತ್ತು ಪ್ರಶ್ನೆಯೂ ಪಟ್ಟಿಯಲ್ಲಿದ್ದ ಕ್ರಮದಲ್ಲೇ ಸಾಗಿದವು. ಅರ್ಧ ಗಂಟೆಯಲ್ಲಿ ಸಹಿ ಬಿತ್ತು. ಹೆಮ್ಮೆಯಿಂದ ತಿರುಗಿ ನೋಡಿದರೆ ರತ್ನಮ್ಮ ಜಗಲಿಯ ತುದಿಯಲ್ಲಿ ಆ ಮನೆಯ ಸೊಸೆಯ ಜೊತೆ ಮಾತಾಡುತ್ತ ನಿಂತಿದ್ದಳು, ಅವಳ ಮುಖದಲ್ಲಿ ಮೆಚ್ಚುಗೆಯೇನೂ ಇರಲಿಲ್ಲ. ನಂದೀಶ ಕೈತೊಳೆದು ಡಬ್ಬಿ ತೆರೆಯುತ್ತಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಒಂದು ಟೆಂಪೋ ಬಂದು ನಿಂತಿತು.

ದೇವೀರಮ್ಮನ ತಮ್ಮ ತಿಮ್ಮೇಗೌಡರು ಸಾವಿನ ಸುದ್ದಿ ತಿಳಿದು ನುಗ್ಗೇಹಳ್ಳಿಯಿಂದ ಜನ ಕಟ್ಟಿಕೊಂಡು ಬಂದಿದ್ದರು. ಕೈಯಲ್ಲಿ ತವರಿನ ಸೀರೆ. ನಮ್ಮ ಕಡೆ ಹೆಣ್ಣುಮಗಳು ತೀರಿಕೊಂಡರೆ ತವರಿನವರು ಬಂದು ಮುಖ ನೋಡಿ ಆ ಸೀರೆ ಹೊದಿಸುವವರೆಗೆ ಯಾರೂ ಯಾವುದಕ್ಕೂ ಕೈ ಹಾಕುವುದಿಲ್ಲ. ಎಂಬತ್ತು ವರ್ಷವಾಗಿ ಮೊಮ್ಮಕ್ಕಳಿದ್ದರೂ ಅವಳು ಆ ಮನೆಯ ಮಗಳು. ನಾನೂ ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು, ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಪಟ್ಟಿಯಲ್ಲಿ ಇರಲಿಲ್ಲವಲ್ಲ, ಹಾಗಾಗಿ ಮರೆತುಬಿಟ್ಟಿದ್ದೆ.

ನಮ್ಮನ್ನೂ ತೆರೆದ ಡಬ್ಬಿಯನ್ನೂ ನೋಡಿ ಅವರಿಗೆ ವಿಷಯ ತಿಳಿಯಿತು. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆಲ್ಲಗೆ ಸೋದರಳಿಯನ ಕಡೆ ತಿರುಗಿದರು.

"ಲೇ ಮಂಜ, ಯಾರ್ನ ಕೇಳಿ ರುಜು ಆಕ್ದೆ? ನಮ್ಮಕ್ಕನ್ ಮೊಕಾನೇ ನಾನಿನ್ನೂ ನೋಡಿಲ್ಲ ಕಣ್ಲಾ."

ನಾನು ಸುಮ್ಮನಿರಬೇಕಿತ್ತು. ಕಾನೂನಿನ ಪ್ರಕಾರ ಮಗನ ಸಹಿ ಸಾಕಾಗುತ್ತದೆ ಸಾರ್ ಎಂದುಬಿಟ್ಟೆ, ಅದೂ ಆ ಧ್ವನಿಯಲ್ಲಿ. ಅಂಗಳವೆಲ್ಲ ನನ್ನ ಕಡೆ ನೋಡಿತು. ಮಂಜೇಗೌಡ ನೆಲ ನೋಡಿಕೊಂಡೇ "ಬ್ಯಾಡ ಬುಡಿ ಮೇಡಂ, ಓಗಿ" ಎಂದ. ಆಗ ಹನ್ನೊಂದೂಕಾಲು. ಒಂದು ಗಂಟೆಗೆ ಗಡುವು ಮುಗಿಯುತ್ತಿತ್ತು. ಆ ಮುದುಕಿ ಖುಷಿಯಾಗಿ ಹೆಬ್ಬೆಟ್ಟು ಒತ್ತಿದ್ದ ಆಸೆ ನನ್ನ ಬುದ್ಧಿವಂತಿಕೆಯಿಂದ ಮಣ್ಣಾಗುತ್ತಿತ್ತು.

ರತ್ನಮ್ಮ ಬಂದು ನನ್ನ ಕೈಯಲ್ಲಿದ್ದ ಫಾರಂ ತೆಗೆದುಕೊಂಡು ಮಡಿಸಿ ತನ್ನ ಚೀಲಕ್ಕೆ ಹಾಕಿದಳು. ಡಬ್ಬಿ ಮುಚ್ಚಿ ಜೀಪಿಗಿಡು ಎಂದು ನಂದೀಶನಿಗೆ ಹೇಳಿದಳು. ಆಮೇಲೆ ತಿಮ್ಮೇಗೌಡರ ಮುಂದೆ ಹೋಗಿ ನಿಂತಳು.

"ಗೌಡ್ರೆ, ತೆಪ್ಪು ನಮ್ದು. ನಿಮ್ಗೆ ಮೊದ್ಲು ಈ ಸುದ್ದಿ ಮುಟ್ಟಿಸ್ಬೇಕಾಗಿತ್ತು. ನೀವು ಅಕ್ಕನ್ ತಾವ ಕೂತ್ಕಳಿ, ನಾವು ಆಚೆಗಿರ್ತೀವಿ."

ಕಣ್ಣು ಕೊಡಿ ಎನ್ನಲಿಲ್ಲ, ಸಮಯವಾಗುತ್ತಿದೆ ಎನ್ನಲಿಲ್ಲ. ನಾವು ಮೂವರೂ ಎದುರಿನ ಹೊಂಗೆ ಮರದ ಕೆಳಗೆ ಹೋಗಿ ನಿಂತೆವು. ಒಳಗೆ ಸೀರೆ ಹೊದಿಸಿದರು, ಹೆಂಗಸರ ಅಳು ಎದ್ದು ಇಳಿಯಿತು. ನಾನು ಎರಡೆರಡು ನಿಮಿಷಕ್ಕೆ ಕೈಗಡಿಯಾರ ನೋಡುತ್ತಿದ್ದೆ. ರತ್ನಮ್ಮ ಅದನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳಿ, ಅವರಿಗೆ ಕಾಣುತ್ತದೆ ಎಂದು ಪಿಸುಗುಟ್ಟಿದಳು. ಮೇಲಧಿಕಾರಿಯಾದ ನಾನು ಶಾಲೆಯ ಹುಡುಗಿಯ ಹಾಗೆ ಮುಚ್ಚಿಟ್ಟುಕೊಂಡೆ. ಹನ್ನೆರಡು ಆಯಿತು. ಹನ್ನೆರಡೂಕಾಲು ಆಯಿತು. ವರದಿಯಲ್ಲಿ ಫೇಲಾಗಬೇಕಾದವರು ಯಾರು ಎಂಬುದು ಆ ಮರದಡಿಯಲ್ಲಿ ನನಗೆ ಚೆನ್ನಾಗಿ ಗೊತ್ತಾಯಿತು.

ಹನ್ನೆರಡೂವರೆ ಹೊತ್ತಿಗೆ ತಿಮ್ಮೇಗೌಡರು ಜಗಲಿಗೆ ಬಂದು ಕೈ ಮಾಡಿ ಕರೆದರು. ನನ್ನನ್ನಲ್ಲ, ರತ್ನಮ್ಮನನ್ನು. ಕಣ್ಣು ಕೊಡುವ ಮಾತು ಅಕ್ಕನೇ ಆಡಿದ್ದು ನಿಜವೇ ಎಂದು ಕೇಳಿದರು. ರತ್ನಮ್ಮ ಮನೆಯ ಗೂಡಿನಿಂದ ದೇವೀರಮ್ಮನ ಕಾರ್ಡು ತರಿಸಿ ತೋರಿಸಿದಳು. ಗೌಡರು ಆ ಹೆಬ್ಬೆಟ್ಟಿನ ಗುರುತಿನ ಮೇಲೆ ತಮ್ಮ ಬೆರಳು ಆಡಿಸಿದರು. ಮುಖ ಕೆಡುತ್ತದೆಯೇ ಎಂದು ಕೇಳಿದರು. ಮುಖ ಹಾಗೆಯೇ ಇರುತ್ತದೆ, ಅನುಮಾನವಿದ್ದರೆ ನೀವೇ ಪಕ್ಕದಲ್ಲಿರಿ ಎಂದಳು ಇವಳು. ಗೌಡರು ಕಾರ್ಡನ್ನು ಮಂಜೇಗೌಡನ ಕೈಗೆ ಕೊಟ್ಟರು.

"ನಮ್ಮಕ್ಕ ತವರ್ಗೆ ಬಂದು ಏನ್ ಕೇಳುದ್ರೂ ನಾವು ಇಲ್ಲ ಅಂದಿಲ್ಲ ಕಣವ್ವ. ಇದೂ ಅವಳೇ ಕೇಳವ್ಳೆ ಅಂದ್ಮೇಲೆ ಇಲ್ಲ ಅನ್ನಾಕ್ ನಾನ್ಯಾರು? ತಗೊಳ್ಳಿ."

ನಂದೀಶನಿಗೆ ಇಪ್ಪತ್ತು ನಿಮಿಷ ಬೇಕಿತ್ತು, ಸಿಕ್ಕಿತು. ಅಷ್ಟು ಹೊತ್ತೂ ತಿಮ್ಮೇಗೌಡರು ಅಕ್ಕನ ಕಾಲು ಹಿಡಿದು ಪಕ್ಕದಲ್ಲೇ ಕುಳಿತಿದ್ದರು. ಮಂಜೇಗೌಡನ ಸಹಿಯ ಕೆಳಗೆ ಸಾಕ್ಷಿಯ ಮೊದಲ ಸಾಲಿನಲ್ಲಿ ಅವರು ತಮ್ಮ ಹೆಸರನ್ನು ಊರು, ಹೋಬಳಿ, ತಾಲೂಕು ಸಮೇತ ಬರೆದರು. ಇನ್ನೊಬ್ಬ ಸಾಕ್ಷಿಗೆ ಜಾಗವೇ ಉಳಿಯಲಿಲ್ಲ, ಅವನು ಅಂಚಿನಲ್ಲಿ ಬರೆದ.

ವಾಪಸು ಬರುವಾಗ ಜೀಪಿನಲ್ಲಿ ನಾನು ರತ್ನಮ್ಮನ ಕ್ಷಮೆ ಕೇಳಿದೆ. ಅವಳು ಕಿಟಕಿಯಾಚೆ ನೋಡುತ್ತ, ನಿಮ್ಮ ಪಟ್ಟಿಯೂ ಚೆನ್ನಾಗಿದೆ, ಆದರೆ ಅದನ್ನು ಬರೆದವರು ಹೆಣ್ಣು ಕೊಟ್ಟು ಹೆಣ್ಣು ತಂದವರಲ್ಲ ಎಂದಳು. ಅವಳು ಖಾಯಂ ಆದಳು. ಪಟ್ಟಿಯ ಕೊನೆಯಲ್ಲಿ ನಾನು ಕೈಬರಹದಲ್ಲಿ ಇಪ್ಪತ್ತೊಂದನೇ ಪ್ರಶ್ನೆ ಸೇರಿಸಿದೆ: "ತವರಿಗೆ ತಿಳಿಸಿದ್ದೀರಾ?" ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಕಾನೂನಿನಲ್ಲಿ ತವರು ಎಂಬುದು ಎಲ್ಲಿದೆ ಎಂದು ಕೇಳಿದರು. ಊಟದ ಹೊತ್ತಾಗಿ ಅವರು ಹೋಟೆಲು ಎಲ್ಲಿದೆ ಎಂದಾಗ, ಹೆಂಡತಿ ಎಲ್ಲಿದ್ದಾರೆ ಎಂದು ವಿಚಾರಿಸಿದೆ. ತವರಿಗೆ ಹೋಗಿದ್ದಾರೆ, ಎರಡು ವಾರವಾಯಿತು ಎಂದರು. ಆಮೇಲೆ ಆ ಪ್ರಶ್ನೆಯನ್ನು ಅವರು ಮುಟ್ಟಲಿಲ್ಲ.

ಇವತ್ತು ಮಧ್ಯಾಹ್ನ ಹೊಸದಾಗಿ ಸೇರಿದ ಇಬ್ಬರಿಗೆ ರತ್ನಮ್ಮ ಪಾಠ ಮಾಡುತ್ತಿದ್ದಳು. ಪ್ರಶ್ನೆ ಕೇಳುವುದು ಹೇಗೆಂದು ತೋರಿಸಲು ದಾನ ಕೊಡುವವರ ಪಾತ್ರಕ್ಕೆ ನನ್ನನ್ನೇ ಕೂರಿಸಿದಳು. ನೇತ್ರದಾನದ ಕಾರ್ಡಿದೆಯೇ ಎಂದಳು. ಇದೆ, ಈ ಕೆಲಸಕ್ಕೆ ಸೇರಿದ ವಾರವೇ ಮಾಡಿಸಿದ್ದು ಎಂದೆ. ಗಂಡನಿಗೆ, ಮಗಳಿಗೆ ಗೊತ್ತೇ? ಗೊತ್ತು. ಹೀಗೆ ಪಟ್ಟಿ ಮುಗಿಸಿ ಇಪ್ಪತ್ತೊಂದಕ್ಕೆ ಬಂದಳು. ನನ್ನ ತವರು ಅರಕಲಗೂಡು. ಅಲ್ಲಿ ನನ್ನ ತಮ್ಮನಿದ್ದಾನೆ. ಅವನಿಗೆ ನಾನು ಹೇಳಿರಲಿಲ್ಲ. ಹೊಸಬರಿಬ್ಬರೂ ಪೆನ್ನು ಹಿಡಿದು ನನ್ನ ಉತ್ತರಕ್ಕೆ ಕಾಯುತ್ತಿದ್ದರು, ಇಲ್ಲ ಎಂದೆ. ರತ್ನಮ್ಮ ಗದರಲಿಲ್ಲ, ಮೇಜಿನ ಮೇಲಿದ್ದ ಫೋನನ್ನು ನನ್ನ ಕಡೆ ಸರಿಸಿ ಅವರಿಬ್ಬರನ್ನೂ ಕಾಫಿಗೆ ಕರೆದುಕೊಂಡು ಹೋದಳು.

ನಂಬರು ಒತ್ತಿದೆ. ಎಷ್ಟೋ ಮನೆಗಳಲ್ಲಿ ಕೇಳಿದವಳಿಗೆ ಧ್ವನಿಗೀನಿ ಏನೂ ನೆನಪಾಗಲಿಲ್ಲ. ಹೇಗೆ ಬಂತೋ ಹಾಗೆ ಹೇಳಿದೆ. ಕಣ್ಣು ಕೊಡುತ್ತೇನೆಂದು ಬರೆದುಕೊಟ್ಟಿದ್ದೇನೆ, ಆರು ಗಂಟೆಯೊಳಗೆ ಆಗಬೇಕು, ನೀನು ಬೇಡ ಅನ್ನಬಾರದು ಎಂದೆ.

"ಊರೋರ್ ಮನೇಲೆಲ್ಲ ಕೂತ್ಕಂಡ್ ಕೇಳ್ದೆ. ನಂಗ್ ಏಳಾಕ್ ಇಷ್ಟ್ ವರ್ಸ ಬೇಕಾಯ್ತೇನಕ್ಕ?" ಎಂದ ತಮ್ಮ. ನಾನು ತಪ್ಪಾಯಿತು ಎಂದೆ. ಅವನು ಆಗಲೇ ದಾರಿಯ ಲೆಕ್ಕ ಹಾಕುತ್ತಿದ್ದ.

"ಅರಕಲಗೂಡಿಂದ ಆಸನಕ್ಕೆ ನಂಗೆ ಒಂದ್ ಗಂಟೆ ಸಾಕು. ನಾನ್ ಬಂದು ನಿನ್ ಮೊಕ ನೋಡೋಗಂಟ ಯಾರೂ ಮುಟ್ಬಾರ್ದು. ಬರ್ಕೊ."

ಬರೆದುಕೊಂಡೆ. ಬರೆಯುವಾಗ ಅಳು ಬಂತು, ಸಂತೋಷಕ್ಕೇ.