ಹ್ಯಾಂಡ್‌ಬ್ರೇಕ್ ಎಳೆಯದ ರಾವ್ಯಾ

ರಾವ್ಯಾ ನಗಲು ಶುರು ಮಾಡಿದಳೆಂದರೆ ಕೈರೋದ ದೊಕ್ಕಿ ಬಡಾವಣೆಯ ನಮ್ಮ ಆಫೀಸಿನಲ್ಲಿ ಕೆಲಸ ಕೆಟ್ಟಂತೆಯೇ. ಮೊದಲು ಭುಜ ಕುಣಿಯುತ್ತದೆ, ಆಮೇಲೆ ಕಣ್ಣಲ್ಲಿ ನೀರು, ಕೊನೆಗೆ ಬಿಕ್ಕಳಿಕೆ. ಅದು ನಿಲ್ಲಬೇಕಾದರೆ ಯಾರಾದರೂ ಪುದೀನ ಹಾಕಿದ ಚಹಾ ತಂದುಕೊಡಬೇಕು. ತರುವ ಹಣೆಬರಹ ನನ್ನದು, ಏಕೆಂದರೆ ನನ್ನ ಮೇಜು ಅವಳ ಮೇಜಿಗೆ ಅಂಟಿಕೊಂಡಿದೆ. ಅಂಥವಳು ಆ ವಾರ ಒಮ್ಮೆಯೂ ನಕ್ಕಿರಲಿಲ್ಲ.

ಚಾಲಕನಿಲ್ಲದೆ ಓಡುವ ಕಾರಿಗೆ ರಸ್ತೆಯ ಪಾಠ ಹೇಳಿಕೊಡಬೇಕಾದರೆ ಮೊದಲು ರಸ್ತೆಯ ದಾಖಲೆ ಬೇಕು. ಅದಕ್ಕೆಂದೇ ನಮ್ಮದೊಂದು ಬಿಳಿ ಕಾರಿದೆ. ನೆತ್ತಿಯ ಮೇಲೆ ತಿರುಗುವ ಲೇಸರ್, ಸುತ್ತಲೂ ಕ್ಯಾಮೆರಾ. ಅದು ಕಂಡದ್ದನ್ನೆಲ್ಲ ಓದುವ, ಪರೀಕ್ಷಿಸುವ, ತೆರೆಯ ಮೇಲೆ ತೋರಿಸುವ ಸಾಫ್ಟ್‌ವೇರ್‌ಗಳನ್ನು ಜೋಡಿಸಿ ನಿಲ್ಲಿಸುವುದು ರಾವ್ಯಾಳ ಕೆಲಸ. ಗುರುವಾರ ಬರುತ್ತೇನೆ, ಅಷ್ಟರೊಳಗೆ ಕೈರೋದ ರಸ್ತೆ ದಾಖಲೆಯ ಒಂದು ತುಣುಕಾದರೂ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಪಾಸಾಗಿರಲಿ, ಇಲ್ಲವಾದರೆ ದಾಖಲೆಯ ಕೆಲಸವನ್ನೆಲ್ಲ ಮರುಭೂಮಿಯ ಹೊಸ ಬಡಾವಣೆಗೆ ಸಾಗಿಸುತ್ತೇನೆ ಎಂದು ಮೇಲಧಿಕಾರಿ ಡಾಕ್ಟರ್ ಲುತ್ಫಿ ಹೇಳಿ ಕಳಿಸಿದ್ದರು. ರಾವ್ಯಾ ಹುಟ್ಟಿ ಬೆಳೆದದ್ದು ಆಫೀಸಿರುವ ಈ ಬೀದಿಯಲ್ಲೇ. ಕಾರು ಕಲಿಯುವ ಪಾಠದಲ್ಲಿ ತನ್ನ ಬೀದಿ ಇರಲೇಬೇಕೆಂಬುದು ಅವಳ ಹಟ.

ಸಾಫ್ಟ್‌ವೇರ್ ಅವಳ ಜೀವ ತಿಂದಿತು. ಒಂದಕ್ಕೆ ಪೈಥಾನ್ ಭಾಷೆಯ ಹಳೆಯ ಆವೃತ್ತಿ ಬೇಕು, ಇನ್ನೊಂದು ಹೊಸದಿಲ್ಲದೆ ಏಳುವುದೇ ಇಲ್ಲ. ಅತ್ತೆ ಸೊಸೆ ಒಂದೇ ಒಲೆಗೆ ಪಟ್ಟು ಹಿಡಿದ ಹಾಗೆ. ಎರಡಕ್ಕೂ ಬೇರೆ ಬೇರೆ ಒಲೆ ಹೂಡಿಕೊಟ್ಟಳು. ಆಗ ಪರೀಕ್ಷಿಸುವ ಸಾಧನ ಎದ್ದು ಕೂತು ಹೇಳಿದ್ದೇನು? ಕಾರು ನಿಂತಿದೆ, ಎಂಜಿನ್ ಆಫ್ ಆಗಿದೆ, ಒಳಗೆ ಯಾರೂ ಇಲ್ಲ. ಬೀದಿಯ ಕಟ್ಟಡಗಳು ಮಾತ್ರ ಸಾಲಾಗಿ ಮುಂದಕ್ಕೆ ಹೊರಟಿವೆ.

ಲೇಸರಿನ ಅಳತೆ ಹೊಂದಿಸಲು ಕಾರು ಮೊದಲು ಸ್ವಲ್ಪ ಹೊತ್ತು ಅಲುಗಾಡದೆ ನಿಂತಿರಬೇಕು. ರಾವ್ಯಾ ತಾನೇ ಅದನ್ನು ಆಫೀಸಿನ ಕೆಳಗೆ ನಿಲ್ಲಿಸಿ, ಯಂತ್ರಗಳನ್ನು ಚಾಲೂ ಬಿಟ್ಟು, ಕೊಶರಿ ತಿನ್ನಲು ಹೋಗಿದ್ದಳು. ಹಾಗಾದರೆ ತಪ್ಪು ಸಾಫ್ಟ್‌ವೇರಿನದೇ ಎಂದು ಎಲ್ಲವನ್ನೂ ಅಳಿಸಿ ಮತ್ತೆ ಹಾಕಿದಳು. ನನ್ನ ಕಂಪ್ಯೂಟರನ್ನೂ ಕಿತ್ತುಕೊಂಡು ಅದರಲ್ಲೂ ಹಾಕಿದಳು. ಅಲ್ಲೂ ಕಟ್ಟಡಗಳು ಹೊರಟೇಬಿಟ್ಟವು. ಕ್ಯಾಮೆರಾದ ಚಿತ್ರ ನೋಡೋಣವೆಂದರೆ, ಅದನ್ನು ತೋರಿಸಬೇಕಾದ ಸಾಧನ ಕಪ್ಪು ಕಿಟಕಿ ತೆರೆದು ಸುಮ್ಮನೆ ಕೂರುತ್ತಿತ್ತು.

ಗುರುವಾರ ಡಾಕ್ಟರ್ ಲುತ್ಫಿ ಕೋಟು ತೊಟ್ಟು ಬಂದರು. ವರ್ಷಾನುಗಟ್ಟಲೆ ಹೊರದೇಶದಲ್ಲಿದ್ದು ಮರಳಿದ ಕೈರೋದವರು. ಅವಳ ಕುರ್ಚಿಯ ಹಿಂದೆ ಕೈಕಟ್ಟಿ ನಿಂತರು. ರಾವ್ಯಾ ಕೊನೆಯದೊಂದು ಸಲ ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿದಳು. ಕಪ್ಪು ಕಿಟಕಿ ಬೆಳಗಿತು!

ತೆರೆಯ ತುಂಬ ಒಂದು ಹೊಟ್ಟೆ. ಪಟ್ಟೆಪಟ್ಟೆ ನಿಲುವಂಗಿಯೊಳಗಿನ ಭರ್ಜರಿ ಹೊಟ್ಟೆ. ಆಮೇಲೆ ಮುಖ ಕಂಡಿತು: ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಿಕೊಡುವ ಶಹಾತಾ ಚಾಚಾ, ಬಾನೆಟ್ಟಿಗೆ ಎದೆಯೊತ್ತಿ, ಕೆನ್ನೆಯುಬ್ಬಿಸಿ ನಮ್ಮ ಕಾರನ್ನು ಹಿಂದಕ್ಕೆ ತಳ್ಳುತ್ತಿದ್ದ. ಇಲ್ಲಿ ರಸ್ತೆಯಂಚಿಗೆ ನಿಂತ ಕಾರುಗಳ ಪಕ್ಕಕ್ಕೆ, ಎರಡನೇ ಸಾಲಿನಲ್ಲಿ ಕಾರು ನಿಲ್ಲಿಸುವವರು ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಒಳಸಾಲಿನವರು ಹೊರಡುವಾಗ ತಳ್ಳಿಕೊಂಡು ದಾರಿ ಮಾಡಿಕೊಳ್ಳಲಿ ಎಂದು. ಕೈಗೆ ಅಂಟಿದ ರೂಢಿ, ಯಾರಿಗೂ ನೆನಪಾಗಿರಲಿಲ್ಲ. ಆಫೀಸಿಗೆ ಆಫೀಸೇ ಬಿದ್ದು ಬಿದ್ದು ನಕ್ಕಿತು. ರಾವ್ಯಾ ಮಾತ್ರ ಡಾಕ್ಟರ ಮುಖ ನೋಡುತ್ತಿದ್ದಳು.

"ಬ್ರೇಕ್ ಎಳೀದೆ ಹೋದೋರು ಯಾರು?" ಎಂದರು ಅವರು.

"ನಾನೇ ಡಾಕ್ಟರ್. ಎರಡನೇ ಸಾಲಲ್ಲಿ ನಿಲ್ಸಿ ಬ್ರೇಕ್ ಎಳ್ದು ಹೋಗೋ ಹಾಗೆ ನಮ್ಮಮ್ಮ ನನ್ನ ಬೆಳೆಸಿಲ್ಲ."

"ನಿಲ್ಸಿದ್ ಕಾರು ನಿಂತ ಕಡೆ ಇರಲ್ಲ ಅಂದ್ರೆ ಈ ಬೀದಿ ಇಟ್ಕೊಂಡು ಏನ್ಮಾಡೋದು? ಹೊಸ ಬಡಾವಣೆಗೇ ಹೋಗೋಣ."

ರಾವ್ಯಾಳ ಮುಖ ಇಷ್ಟೇ ಇಷ್ಟಾಯಿತು. ಏನಾದರೂ ಅನ್ನೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ಕೆಳಗಿನಿಂದ ಹಾರ್ನುಗಳು ಒಟ್ಟಾಗಿ ಅರಚಿಕೊಂಡವು. ಶಹಾತಾ ಚಾಚಾ ಏದುಸಿರು ಬಿಡುತ್ತ ಬಾಗಿಲಲ್ಲಿ ಕಾಣಿಸಿಕೊಂಡ.

"ಬೂದು ಕಾರು ಯಾರ್ದು ಸಾಹೇಬ್ರೆ? ಬ್ರೇಕ್ ಎಳ್ಕೊಂಡು ಕಲ್ಲಾಗಿ ಕೂತದೆ. ಒಳಸಾಲಲ್ಲಿ ಮದುಮಗಳ ಕಾರು ಸಿಕ್ಕಾಕ್ಕೊಂಡೈತೆ. ಅವಳಮ್ಮ ಆಗಲೇ ಚಪ್ಪಲಿ ಕೈಗೆ ತಗೊಂಡವ್ಳೆ."

ಡಾಕ್ಟರ್ ಲುತ್ಫಿ ಜೇಬು ಮುಟ್ಟಿ ನೋಡಿಕೊಂಡರು. ಬೀಗದ ಕೈ ಅಲ್ಲೇ ಇತ್ತು. ಮೆಟ್ಟಿಲು ಹಾರಿ ಹಾರಿ ಇಳಿದರು. ಅವರಿಗಿಂತ ಮೊದಲು ಇಳಿದದ್ದು ರಾವ್ಯಾ. ನಾವೆಲ್ಲ ಬಾಲ್ಕನಿಗೆ ಜೋತುಬಿದ್ದೆವು. ಡಾಕ್ಟರು ತಮ್ಮ ತಲೆಯ ಮೇಲೆ ಕೈಯಿಟ್ಟು ಮದುಮಗಳ ತಾಯಿಯ ಕ್ಷಮೆ ಕೇಳಿದರು. ಗಾಬರಿಗೆ ಅವರ ಕಾರು ಸ್ಟಾರ್ಟೇ ಆಗಲಿಲ್ಲ. ಕೊನೆಗೆ ಬ್ರೇಕ್ ಇಳಿಸಿ, ಕೋಟಿನಲ್ಲೇ ಬಗ್ಗಿ, ಶಹಾತಾ ಚಾಚಾನ ಹೆಗಲಿಗೆ ಹೆಗಲು ಕೊಟ್ಟು ತಳ್ಳಿದರು. ಮದುಮಗಳ ಕಡೆಯ ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಹಾಡಿ ಅವರನ್ನೇ ಮದುಮಗನನ್ನಾಗಿ ಮಾಡಿಬಿಟ್ಟರು. ಹಿಂದೆ ನಮ್ಮ ಬಿಳಿ ಕಾರಿನ ಲೇಸರ್ ಗಿರಗಿರನೆ ತಿರುಗುತ್ತಿತ್ತು. ಈ ಸಲ ರಾವ್ಯಾ ಒಳಗೇ ಕೂತಿದ್ದಳು, ಕಾಲು ಬ್ರೇಕಿನ ಮೇಲೆ.

ಮೇಲೆ ಬಂದವಳೇ ಹೊಸ ತುಣುಕನ್ನು ಸಾಧನಕ್ಕೆ ಉಣಿಸಿದಳು. ಕಟ್ಟಡಗಳು ಇದ್ದಲ್ಲೇ ಇದ್ದವು. ಒಂದು ತಪ್ಪೂ ತೋರಲಿಲ್ಲ. ತೆರೆಯ ಮೇಲೆ ಖಾಲಿ ಬೂದು ಕಾರೊಂದು ಮೆಲ್ಲಗೆ ಸರಿಯುತ್ತಿತ್ತು, ಅದರ ಹಿಂದೆ ಡಾಕ್ಟರು. ಬೆವರು ಒರೆಸಿಕೊಳ್ಳುತ್ತ ಅವರು ತಮ್ಮನ್ನೇ ತಾವು ಬಹಳ ಹೊತ್ತು ನೋಡಿದರು.

"ಖಾಲಿ ಕಾರು ಅಲುಗಾಡ್ತು ಅಂದ್ರೆ ಹಿಂದೆ ಒಬ್ಬ ಮನುಷ್ಯ ಇದಾನೆ ಅಂತ ಅರ್ಥ. ನಮ್ ಕಾರಿಗೆ ಮೊದಲನೇ ಪಾಠ ಇದೇ ಆಗ್ಲಿ," ಎಂದರು. "ಈ ಬೀದಿನೇ ಇಟ್ಕೋ ರಾವ್ಯಾ."

ರಾವ್ಯಾಳ ಭುಜ ಕುಣಿಯತೊಡಗಿತು. ನಾನು ಚಹಾ ತರಲು ಎದ್ದೆ.