ಮುಖದ ಅಚ್ಚಿನ ಮಂಗಳಮ್ಮ

ಡಾಕ್ಟರುಗಳ ಕಾರು ಒಂದೂ ಬಂದಿಲ್ಲ. ಮೈಸೂರಿನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಮಂಗಳಮ್ಮ ಆಗಲೇ ನೀರು ಕಾಯಿಸುತ್ತಿದ್ದಾರೆ. ಕಳಲೆಯಿಂದ ಮೊದಲ ಬಸ್ಸು ಹಿಡಿದು, ನಂಜನಗೂಡಿನಲ್ಲಿ ಇಳಿದು, ಮೈಸೂರು ಬಸ್ಸಿನಲ್ಲಿ ನಿಂತುಕೊಂಡೇ ಬಂದವರು. ಅಗಲವಾದ ಸ್ಟೀಲ್ ತೊಟ್ಟಿಯ ಬಿಸಿನೀರಿಗೆ ತೂತು ತೂತಿನ ಬಿಳಿ ಪ್ಲಾಸ್ಟಿಕ್ ಹಾಳೆ ಬಿಟ್ಟರೆ ಒದ್ದೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ಅದನ್ನೆತ್ತಿ, ನೀರು ಒರೆಸಿ, ಮಲಗಿದ ರೋಗಿಯ ಮುಖಕ್ಕೆ ಹೊದಿಸಿ ಎರಡೂ ಕೈಯಲ್ಲಿ ಒತ್ತುತ್ತಾರೆ. ಹುಬ್ಬು, ಮೂಗು, ಗದ್ದ ಎಲ್ಲ ಮೂಡುತ್ತವೆ. ಆರಿದರೆ ಅದೇ ಮುಖದ ಅಚ್ಚು. ಕ್ಯಾನ್ಸರಿಗೆ ಕರೆಂಟು ಕೊಡುವಾಗ ತಲೆ ಕೂದಲೆಳೆಯಷ್ಟೂ ಅಲ್ಲಾಡಬಾರದಲ್ಲ, ಅದಕ್ಕೆ ಇದು. ವಿಕಿರಣ ಅನ್ನುವುದು ಪೇಪರಿನವರ ಮಾತು. ಈ ಕಡೆಯ ಜನಕ್ಕೆ ಅದು ಕರೆಂಟೇ.

ಆಯಾ ಆಗಿ ಸೇರಿದವರು ಮಂಗಳಮ್ಮ. ಟೆಕ್ನಿಷಿಯನ್ ಒಂದು ದಿನ ಸಹಾಯಕ್ಕೆ ಕರೆದರು, ಇವರು ಇಲ್ಲೇ ಉಳಿದುಬಿಟ್ಟರು. ದಿನಕ್ಕೆ ನಾಲ್ಕೈದು ಅಚ್ಚು. ಬಿಸಿನೀರಿಗೆ ಬೆರಳ ತುದಿ ಸುಲಿದುಹೋಗಿ, ಮನೆಯಲ್ಲಿ ಮುದ್ದೆ ಕಟ್ಟುವಾಗ ಉರಿಯುತ್ತದಂತೆ. ಗಂಡ ಮರಿಯಯ್ಯ ಈ ಕೆಲಸ ಬಿಡು ಅಂತ ಎಷ್ಟೋ ಸಲ ಹೇಳಿ ಸೋತಿದ್ದಾರೆ.

ಕಳೆದ ವರ್ಷ, 2006ರಿಂದ, ಇಲ್ಲಿ ಒಂದು ಪರೀಕ್ಷೆ ನಡೆಯುತ್ತಿದೆ. ಮೆದುಳಿನ ಕ್ಯಾನ್ಸರ್ ಒಮ್ಮೆ ಅಡಗಿ ಮತ್ತೆ ತಲೆಯೆತ್ತಿದವರಿಗೆ ಎರಡನೇ ಸಲ ಕರೆಂಟು ಕೊಟ್ಟು ನೋಡುವುದು. ನಾಲ್ಕು ದಿನ ಆಯುಸ್ಸು ಕೂಡಬಹುದು, ಉಳಿದ ಮೆದುಳಿಗೇ ಪೆಟ್ಟಾಗಲೂಬಹುದು. ಡಾಕ್ಟರುಗಳು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕೇಳಿಯೂ ರೋಗಿಗಳು ಬರುತ್ತಾರೆ ಪಾಪ, ಬೇರೆ ದಾರಿ ಎಲ್ಲಿದೆ? ಇವರಿಗೆ ಅಚ್ಚು ಪುಕ್ಕಟೆ. ಆದರೆ ಹಾಳೆಗಳು ಕಡಿಮೆ, ಒಬ್ಬರದು ಮುಗಿದ ಮೇಲೆ ಮತ್ತೆ ಬಿಸಿನೀರಿಗೆ ಹಾಕಬೇಕು. ಮುಖ ಅಳಿಸಿಹೋಗಿ ಹಾಳೆ ಚಪ್ಪಟೆಯಾಗುತ್ತದೆ, ಮುಂದಿನವರಿಗೆ ಬರುತ್ತದೆ.

“ಒಂದ್ನೆ ಸಲ ಬಂದೋರು ವಾಸಿ ಆಯ್ತದಾ ಅಂತ ಕೇಳ್ತಾರೆ. ಎರಡ್ನೆ ಸಲದೋರು ಏನೂ ಕೇಳಕಿಲ್ಲ ಸಾ. ಅದೇ ನಂಗೆ ತಡಿಯಕ್ಕಾಗಕಿಲ್ಲ,” ಅಂದರು ಮಂಗಳಮ್ಮ.

ತಿ. ನರಸೀಪುರದಲ್ಲಿ ಸೈಕಲ್ ಶಾಪ್ ಇಟ್ಟಿದ್ದ ರಾಜೇಂದ್ರನೂ ಏನೂ ಕೇಳಲಿಲ್ಲ. ಎರಡನೇ ಸಲದ ಕರೆಂಟು ಮುಗಿಸಿ ಊರಿಗೆ ಹೋದವನು ದೀಪಾವಳಿ ಕಾಣಲಿಲ್ಲ. ತಿಥಿ ಮುಗಿದ ಮೇಲೆ ತಾಯಿ ಪುಟ್ಟಗೌರಮ್ಮ ಬಂದು, ಮಗನ ಮುಖದ ಅಚ್ಚು ಕೊಡಿ, ಮನೆಯಲ್ಲಿಟ್ಟುಕೊಳ್ಳುತ್ತೇನೆ ಅಂದರು. ಅದನ್ನು ನೀರಿಗೆ ಹಾಕಲು ಮಂಗಳಮ್ಮನಿಗೂ ಕೈ ಬಂದಿರಲಿಲ್ಲ, ಬೀರುವಿನ ಮೇಲೇ ಇತ್ತು. ದೊಡ್ಡ ಡಾಕ್ಟರನ್ನು ಕೇಳಿ ಕೊಡುತ್ತೇನೆ, ಸೋಮವಾರ ಬನ್ನಿ ಅಂದು ಕಳಿಸಿದರು.

ಶನಿವಾರ ಚಿಕ್ಕಯ್ಯನಛತ್ರದ ಚಿಕ್ಕಬಸಮ್ಮ ಬಂದರು, ಅವರದೂ ಎರಡನೇ ಸಲ. ಹಾಳೆ ಒಂದೂ ಇಲ್ಲ. ಹೊಸವು ಯಾವಾಗ ಬರುತ್ತವೋ, ಗಡ್ಡೆ ಕಾಯುತ್ತದೆಯೇ? ಬೀರುವಿನ ಮೇಲಿನದನ್ನೇ ತೆಗೆಯಿರಿ ಅಂದರು ಡಾಕ್ಟರು. ಆ ತಾಯಿಗೆ ಮಾತು ಕೊಟ್ಟಿದ್ದೇನೆ, ಅವರನ್ನು ಕೇಳದೆ ಮುಟ್ಟುವುದಿಲ್ಲ ಅಂತ ಮಂಗಳಮ್ಮ ಹಟ ಹಿಡಿದರು. ಸೋಮವಾರದವರೆಗೆ ಅಂತ ಡಾಕ್ಟರು ಒಪ್ಪಿಕೊಂಡರು. ಆ ಎರಡು ರಾತ್ರಿ ಮಂಗಳಮ್ಮನಿಗೆ ನಿದ್ದೆಯಿಲ್ಲ. ಅಚ್ಚು ಕೊಟ್ಟುಬಿಟ್ಟರೆ ಬದುಕಿರುವವಳಿಗೆ ಮೋಸ, ನೀರಿಗೆ ಹಾಕಿದರೆ ಹೆತ್ತವಳಿಗೆ.

ಸೋಮವಾರ ಪುಟ್ಟಗೌರಮ್ಮ ಬಂದಾಗ ಮಂಗಳಮ್ಮ ಎಲ್ಲವನ್ನೂ ಹೇಳಿದರು. ಆ ತಾಯಿ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು, ಹೊರಗೆ ಬೆಂಚಿನ ಮೇಲೆ ಕೂತಿದ್ದ ಚಿಕ್ಕಬಸಮ್ಮನನ್ನು ಬಹಳ ಹೊತ್ತು ನೋಡಿದರು.

“ಇದೂ ಓಗ್ಬುಟ್ರೆ ಅವನ ಮಕ ಯಾರ್ಗೆ ನೆಪ್ಪಿರ್ತದವ್ವ?”

“ನನ್ ಕೈಗೆ ನೆಪ್ಪದೆ ಕಣಮ್ಮ. ಎಡಗಣ್ಣಿನ್ ಉಬ್ಬಲ್ಲಿ ಒಂದ್ ಗಾಯದ ಗೆರೆ. ಮೂಗು ಒಸಿ ಬಲಕ್ಕೆ ವಾಲಿತ್ತು.”

ಚಿಕ್ಕವನಿದ್ದಾಗ ಸೈಕಲ್ಲಿಂದ ಬಿದ್ದಿದ್ದ ಅಂದರಂತೆ ತಾಯಿ. ಆಮೇಲೆ ತಾವೇ ಎದ್ದು ಅಚ್ಚನ್ನು ನೀರಿಗೆ ಬಿಟ್ಟರು. ಆ ಮುಖ ಅಳಿಸಿಹೋಗಲು ಹೊತ್ತೇನೂ ಹಿಡಿಯಲಿಲ್ಲ. ಇಬ್ಬರೂ ತೊಟ್ಟಿಯ ಪಕ್ಕ ನಿಂತು ಅತ್ತರು.

ಪರೀಕ್ಷೆ ಇನ್ನೂ ಮುಗಿದಿಲ್ಲ. ಅದೇ ಹಾಳೆಯ ಅಚ್ಚಿನಲ್ಲಿ ಕರೆಂಟು ಮುಗಿಸಿದ ಚಿಕ್ಕಬಸಮ್ಮ ತಪಾಸಣೆಗೆ ಬಂದು ಹೋಗುತ್ತಿದ್ದಾರೆ, ಮುಂದೇನೆಂದು ಯಾರೂ ಹೇಳುವಂತಿಲ್ಲ. ಪುಟ್ಟಗೌರಮ್ಮ ಮೈಸೂರಿಗೆ ಬಂದಾಗಲೆಲ್ಲ ನೆಲಮಾಳಿಗೆಗೆ ಇಳಿದು ಬರುತ್ತಾರೆ. ಮಂಗಳಮ್ಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾರೆ.

“ಬ್ಯಾಡ ಅಂದ್ರೂ ಬುಡಕಿಲ್ಲ ಸಾ,” ಅನ್ನುತ್ತಾರೆ ಮಂಗಳಮ್ಮ. “ನಂಗಿನ್ನೇನೂ ಬ್ಯಾಡ. ಈ ಕೈ ಮರೀದಿದ್ರೆ ಸಾಕು.”